ಕುಶಾಲನಗರದ ಉದ್ಯೋಗ ಸಹಾಯ ಕೇಂದ್ರ: ಮೂರು ವರ್ಷ ಮನೆಯಲ್ಲಿ ಕೂತಿದ್ದ ತೋಟದ ರೈಟರ್ ಕಂಡಂತೆ

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಬರೆಯುತ್ತೇನೆ. ಮೊದಲು ಹೇಳಬೇಕಾದದ್ದು ಬೇರೆ ಇದೆ. ಕೆಲಸ ಹೋಗಿ ಒಂದು ವರ್ಷ ದಾಟಿದೆ, ಇನ್ನು ನಮ್ಮನ್ನು ಯಾರು ಕೇಳ್ತಾರೆ ಅಂತ ಮನೆಯಲ್ಲೇ ಕೂತಿದ್ದೀರಿ ಅಂದರೆ, ಒಂದು ಬುಧವಾರ ಇಲ್ಲಿಗೆ ಹೋಗಿ. ಫೀಸ್ ಇಲ್ಲ. ವಯಸ್ಸು ಕೇಳಿ ಮುಖ ತಿರುಗಿಸುವವರು ಇಲ್ಲ.

ನಾನು ಸುಂಟಿಕೊಪ್ಪದ ಕಡೆಯವನು. 19 ವರ್ಷ ಒಂದೇ ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಕೊಡಗಿನವರಿಗೆ ರೈಟರ್ ಅಂದರೆ ಗೊತ್ತು. ಹೊರಗಿನವರಿಗೆ ಹೇಳುವುದಾದರೆ, ತೋಟದ ಆಳುಗಳ ಹಾಜರಿ, ತೂಕ, ಬಟವಾಡೆ, ಗೊಬ್ಬರದ ಸ್ಟಾಕ್, ಎಲ್ಲ ಲೆಕ್ಕ ಇಡುವವನು. 2021ರ ಏಪ್ರಿಲ್‌ನಲ್ಲಿ ತೋಟ ಕೈ ಬದಲಾಯಿತು. ಹೊಸಬರು ಅವರದೇ ಜನ ಕರೆದುಕೊಂಡು ಬಂದರು. ಆಗ ನನಗೆ 46. ಕೆಲಸದ ಜೊತೆ ಕ್ವಾರ್ಟರ್ಸ್ ಕೂಡ ಹೋಯಿತು. ಊರಲ್ಲಿ ಬಾಡಿಗೆ ಮನೆ ಹಿಡಿದೆವು. ಹೆಂಡತಿಯ ಹೊಲಿಗೆ ಮಿಷನ್ ಮೇಲೆ ಮನೆ ನಡೆಯಿತು.

"ಕೊಡಗಿನಲ್ಲಿ ಕೆಲಸಕ್ಕೆ ಬರಾನಾ?" ಅಂತ ಎಷ್ಟು ಜನ ಕೇಳಿದ್ದಾರೋ. 2024ರಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, 50 ಕೆ.ಜಿ. ಚೀಲಕ್ಕೆ 10,000 ರೂಪಾಯಿ ದಾಟಿದಾಗ ಈ ಮಾತು ಇನ್ನೂ ಜಾಸ್ತಿ ಆಯಿತು. ತೋಟಕ್ಕೆ ಜನ ಸಿಗುವುದಿಲ್ಲ, ಅಸ್ಸಾಂ, ಬಂಗಾಳದಿಂದ ಬರ್ತಾರೆ, ನಿನಗೆ ಮಾತ್ರ ಕೆಲಸ ಇಲ್ವಾ ಅನ್ನುವ ಲೆಕ್ಕ. ಜನ ಬೇಕಿರುವುದು ಕಾಫಿ ಕುಯ್ಯಲು, ಮರ ಹತ್ತಿ ಕೊಂಬೆ ಕಡಿದು ಕಪಾತು ಮಾಡಲು, ಕರಿಮೆಣಸು ಇಳಿಸಲು. ನನ್ನ ಎಡ ಮಂಡಿ 2017ರಿಂದ ಸರಿಯಿಲ್ಲ. ಇಳಿಜಾರಿನಲ್ಲಿ ಅರ್ಧ ದಿನ ನಿಂತರೆ ಮಾರನೇ ದಿನ ಏಳಲು ಆಗುವುದಿಲ್ಲ. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. 19 ವರ್ಷ ನಾನೇ ಹೆಸರು ಕೂಗಿ ಹಾಜರಿ ಹಾಕಿದ ಸಾಲಿನಲ್ಲಿ ನಾನು ಹೋಗಿ ನಿಲ್ಲಲು ಮನಸ್ಸು ಒಪ್ಪಲಿಲ್ಲ. ಅದು ಸೊಕ್ಕು ಅಂತ ಕೆಲವರು ಅಂದರು. ಆ ಮಾತು ಇವತ್ತಿಗೂ ನೋಯುತ್ತದೆ.

ಮೊದಲ ಆರು ತಿಂಗಳು ಹುಡುಕಿದೆ. ಮಡಿಕೇರಿ, ಸಿದ್ದಾಪುರ, ಗೋಣಿಕೊಪ್ಪ, ಎಲ್ಲ ಕಡೆ ಪರಿಚಯದವರನ್ನು ಕಂಡೆ. ಮೈಸೂರಿನ ಒಬ್ಬ ಏಜೆಂಟ್ ಕೆಲಸ ಕೊಡಿಸುತ್ತೇನೆ ಅಂತ 8,000 ರೂಪಾಯಿ ತೆಗೆದುಕೊಂಡ. ಆಮೇಲೆ ಅವನ ಫೋನ್ ಸ್ವಿಚ್ ಆಫ್. ಆಮೇಲೆ ನಾನೂ ಹುಡುಕುವುದನ್ನು ಬಿಟ್ಟೆ. ಬೆಳಿಗ್ಗೆ ಏಳುವುದು ತಡವಾಯಿತು. ಮದುವೆ, ಪುತ್ತರಿ ಊಟ ಎಲ್ಲ ತಪ್ಪಿಸಿದೆ. ಯಾರಾದರೂ "ಈಗ ಏನು ಮಾಡ್ತಿದ್ದೀರಿ" ಅಂತ ಕೇಳ್ತಾರಲ್ಲ, ಅದಕ್ಕೆ. ಕೈಗಡಿಯಾರದ ಸೆಲ್ ಮುಗಿದು ಒಂದು ವರ್ಷ ಆಗಿತ್ತು. 60 ರೂಪಾಯಿ ಕೊಟ್ಟರೆ ಹಾಕಿಕೊಡ್ತಾರೆ. ಹಾಕಿಸಿರಲಿಲ್ಲ.

2024ರ ಜೂನ್‌ನಲ್ಲಿ ಹೆಂಡತಿ ಯಾರಿಂದಲೋ ಕೇಳಿಕೊಂಡು ಬಂದು ಈ ಕೇಂದ್ರದ ವಿಷಯ ಹೇಳಿದಳು. ಸುಂಟಿಕೊಪ್ಪದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಎರಡು ವಾರ ಏನೇನೋ ನೆಪ ಹೇಳಿದೆ. ಮೂರನೇ ವಾರ ಅವಳೇ ಹೊಲಿಗೆ ಅಂಗಡಿ ಮುಚ್ಚಿ ಜೊತೆಗೆ ಬಂದಳು. ನಮ್ಮ ಕಡೆ ಜಿಟಿಜಿಟಿ ಮಳೆ. ಆನೆಕಾಡು ದಾಟಿ ಕುಶಾಲನಗರ ಮುಟ್ಟುವಾಗ ರಸ್ತೆ ಒಣಗಿತ್ತು.

ನಾನು ಅಂದುಕೊಂಡಿದ್ದು ಬೇರೆ. ಹಳೇ ಕಾಲದ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ನೆನಪಿತ್ತು. ಎಸ್ಸೆಸ್ಸೆಲ್ಸಿ ಆದ ಮೇಲೆ ಎಲ್ಲರೂ ಹೋಗಿ ಹೆಸರು ಬರೆಸುತ್ತಿದ್ದೆವು. ಕಾರ್ಡ್ ಕೊಡುತ್ತಿದ್ದರು. ಮೂರು ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿಸಬೇಕಿತ್ತು. ಇಲ್ಲೂ ಹೆಸರು ಬರೆದುಕೊಂಡು ಕಳಿಸುತ್ತಾರೆ ಅಂತಲೇ ಹೋದದ್ದು. ಆದರೆ ಇಲ್ಲಿ ಫಾರ್ಮ್ ತುಂಬಿಸುವ ಮೊದಲು ಒಬ್ಬ ಮೇಡಂ ಕುರ್ಚಿ ಎಳೆದು ಎದುರು ಕೂರಲಿಲ್ಲ, ಪಕ್ಕದಲ್ಲಿ ಕೂತರು. ಹಾಸನದ ಕಡೆಯವರು, ಮೂವತ್ತೈದರ ಆಚೆಈಚೆ. ಓದು ಎಷ್ಟು, ಅನುಭವ ಎಷ್ಟು ಅಂತ ಕೇಳಲಿಲ್ಲ. "ತೋಟದಲ್ಲಿದ್ದಾಗ ಒಂದು ಶನಿವಾರ ಹೇಗಿರುತ್ತಿತ್ತು ಹೇಳಿ. ಬೆಳಿಗ್ಗೆಯಿಂದ" ಅಂದರು.

ಏನು ಹೇಳುವುದು ಅಂತ ಗೊತ್ತಾಗಲಿಲ್ಲ. ಆಳುಗಳ ಲೆಕ್ಕ ಬರೆಯುವುದು ಅಷ್ಟೇ ಮೇಡಂ ಅಂದೆ. "ಎಷ್ಟು ಗಂಟೆಗೆ?" ಏಳೂವರೆಗೆ. "ಎಷ್ಟು ಜನ?" ಸೀಸನ್‌ನಲ್ಲಿ 80 ಆಗುತ್ತೆ. "80 ಜನರನ್ನು ಯಾವ ಬ್ಲಾಕಿಗೆ ಯಾರು ಅಂತ ಹೇಗೆ ಹಂಚ್ತೀರಿ?" ಅಲ್ಲಿಂದ ಮಾತು ಬಿಚ್ಚಿಕೊಂಡಿತು. ಹಣ್ಣು ಯಾವ ಕಡೆ ಜಾಸ್ತಿ ಆಗಿದೆ ಅಂತ ಹಿಂದಿನ ಸಂಜೆಯೇ ಮೇಸ್ತ್ರಿ ಜೊತೆ ನೋಡಿಕೊಂಡು ಬರಬೇಕು. ಜಗಳ ಆಡಿದ ಎರಡು ಮನೆಯವರನ್ನು ಒಂದೇ ಸಾಲಿಗೆ ಹಾಕಬಾರದು. ಸಂಜೆ ತೂಕ. ಚೀಲದ ತೂಕ ಕಳೆಯಬೇಕು, ಹಸಿರುಕಾಯಿ ಎಷ್ಟು ಬೆರೆತಿದೆ ನೋಡಬೇಕು. ಕಿಲೋ ಲೆಕ್ಕದವರು ಬೇರೆ, ದಿನಗೂಲಿಯವರು ಬೇರೆ. ಆಮೇಲೆ ಬಟವಾಡೆ. ಮುಂಗಡ ಪಡೆದವರದು ಕಡಿದು ಕೊಡಬೇಕು, ಪೂರ್ತಿ ಕಡಿದರೆ ಆ ಮನೆಗೆ ಅಕ್ಕಿ ಇರುವುದಿಲ್ಲ, ಹಾಗಾಗಿ ಮೂರು ವಾರಕ್ಕೆ ಹಂಚಬೇಕು.

"ಕಣದಲ್ಲಿ ಕಾಫಿ ಒಣಗಿದೆ ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದರು. ನಾನು ಬಲಗೈ ಮುಷ್ಟಿ ಮಾಡಿ ಕಿವಿಯ ಹತ್ತಿರ ಅಲ್ಲಾಡಿಸಿ ತೋರಿಸಿದೆ. ಚೆರ್ರಿ ಸರಿಯಾಗಿ ಒಣಗಿದ್ದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಹಸಿ ಇದ್ದರೆ ಸದ್ದು ಮಂಕು. ಕೈ ಖಾಲಿ, ಆದರೂ ಆ ಸದ್ದು ನನಗೆ ಕೇಳಿಸಿತು. ಮೂರು ವರ್ಷದ ಮೇಲೆ.

ಅವರು ಎಲ್ಲ ಬರೆದುಕೊಂಡಿದ್ದರು. ಒಂದು ಸಾಲಿಗೆ ಒಂದು ಕೆಲಸ, ಒಟ್ಟು 22 ಸಾಲು. ಆಮೇಲೆ ಗಟ್ಟಿಯಾಗಿ ಓದಿ ಹೇಳಿದರು. 80 ಜನರಿಗೆ ಕೆಲಸ ಹಂಚುವುದು. ತೂಕ ಮತ್ತು ಗುಣಮಟ್ಟ ನೋಡುವುದು. ನಗದು ಬಟವಾಡೆ. ಸಾಲದ ಕಂತು ಹೊಂದಿಸುವುದು. ಸ್ಟಾಕ್. ಜಗಳ ತಡೆಯುವುದು. ಪಕ್ಕದಲ್ಲಿ ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾನು ಕಿಟಕಿ ಕಡೆ ನೋಡುತ್ತಿದ್ದೆ.

ಈ ಒಂದು ಗಂಟೆಗೇ ನಾಲ್ಕು ಸ್ಟಾರ್‌ನಲ್ಲಿ ಎರಡು.

ಆಮೇಲೆ ಪ್ರತಿ ಬುಧವಾರದ ಗುಂಪಿಗೆ ಹೋಗುತ್ತಿದ್ದೆ. ಒಂದು ವರ್ಷಕ್ಕಿಂತ ಹೆಚ್ಚು ಕೆಲಸ ಇಲ್ಲದವರು ಮಾತ್ರ ಆ ಗುಂಪಿನಲ್ಲಿ. ಎಂಟು ಹತ್ತು ಜನ. ಸೈನ್ಯದಿಂದ ಬಂದು ಸೆಕ್ಯುರಿಟಿ ಕೆಲಸ ಬೇಡ ಅಂತ ಕೂತಿದ್ದ ಒಬ್ಬರು. ಅತ್ತೆಯ ಆರೈಕೆಗೆ ಅಂತ ನರ್ಸ್ ಕೆಲಸ ಬಿಟ್ಟು ಆರು ವರ್ಷ ಆಗಿದ್ದ ಹೆಣ್ಣುಮಗಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜರಿದಾಗ ಮನೆ, ಹೋಂಸ್ಟೇ ಎರಡೂ ಕಳೆದುಕೊಂಡವರು. ಕೆಲಸ ಸಿಗದ ಪದವೀಧರರಿಗೆ ಸರ್ಕಾರ ಕೊಡುವ ಯುವನಿಧಿಯ ತಿಂಗಳ 3,000 ರೂಪಾಯಿ ಬರುತ್ತಿದ್ದ ಒಬ್ಬ ಬಿ.ಕಾಂ. ಹುಡುಗ. ಆ ಹಣ ಎರಡು ವರ್ಷ ಮಾತ್ರ ಸಿಗುವುದು. ಅಷ್ಟರಲ್ಲಿ ಏನಾದರೂ ಆಗಬೇಕು ಅಂತ ಅವನಿಗೆ ದಿನವೂ ಹೆದರಿಕೆ.

ಕಾಡಂಚಿನ ದಿಡ್ಡಳ್ಳಿಯಿಂದ ಬಂದು ಬಸವನಹಳ್ಳಿಯಲ್ಲಿ ನೆಲೆಸಿದ ಒಂದು ಆದಿವಾಸಿ ಕುಟುಂಬದ ಹುಡುಗನೂ ಬರುತ್ತಿದ್ದ. ಮೂರು ವಾರ ಒಂದು ಮಾತೂ ಆಡಲಿಲ್ಲ. ಫಾರ್ಮಿನಲ್ಲಿ ಕೌಶಲ ಅನ್ನುವ ಕಡೆ ಖಾಲಿ ಬಿಟ್ಟಿದ್ದ. ಮೇಡಂ ಅವನನ್ನು ಕೇಂದ್ರದ ಹಿಂದಿನ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿ, ಇದು ಯಾವ ಗಿಡ, ಅದು ಯಾವುದು ಅಂತ ಕೇಳಿದರು. ವಾಪಸ್ ಬರುವಾಗ ಕಾಗದದ ಎರಡೂ ಬದಿ ತುಂಬಿತ್ತು. ಈಗ ಅವನು ಒಂದು ನರ್ಸರಿಯಲ್ಲಿ ಇದ್ದಾನೆ.

ಗುಂಪಿನಲ್ಲಿ ಮಾಡಿಸುವುದು ಸಣ್ಣ ಸಣ್ಣ ಕೆಲಸ. ಮುಂದಿನ ಬುಧವಾರದೊಳಗೆ ಮೂರು ಫೋನ್ ಮಾಡಬೇಕು. ಇಬ್ಬರು ಹಳೇ ಪರಿಚಯದವರಿಗೆ ಕೆಲಸ ಹುಡುಕುತ್ತಿದ್ದೇನೆ ಅಂತ ಬಾಯಿ ಬಿಟ್ಟು ಹೇಳಬೇಕು. ಕೇಳಲು ಸುಲಭ ಅಲ್ವಾ? ಎರಡನೆಯದು ಮಾಡಲು ನನಗೆ ನಾಲ್ಕು ವಾರ ಬೇಕಾಯಿತು. ಮೇಡಂ ಬೈಯಲಿಲ್ಲ. ಪ್ರತಿ ವಾರ ಅದೇ ಸಾಲನ್ನು ಮತ್ತೆ ಬರೆದುಕೊಟ್ಟರು.

ಒಂದು ದಿನ ಮೇಡಂ ಆಸ್ಟ್ರಿಯಾ ದೇಶದ ಮರಿಯೆಂಥಾಲ್ ಅನ್ನುವ ಊರಿನ ವಿಷಯ ಹೇಳಿದರು. 1930ರ ಸುಮಾರಿಗೆ ಅಲ್ಲಿನ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತಂತೆ. ಸಂಶೋಧಕರು ಬಂದು ಊರವರ ನಡಿಗೆಯ ವೇಗ ಅಳೆದರಂತೆ. ಗಂಡಸರು ನಿಧಾನವಾಗಿ, ನಿಂತು ನಿಂತು ನಡೆಯುತ್ತಿದ್ದರು. ಮನೆಗೆಲಸ ಇರುವ ಹೆಂಗಸರು ಬೇಗ ನಡೆಯುತ್ತಿದ್ದರು. ಸಮಯ ಇದ್ದರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಡಿಮೆ ಆಗಿತ್ತು. ಬಹಳಷ್ಟು ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಇದನ್ನು ಕೇಳಿ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಸೈನ್ಯದವರು ನಿಧಾನಕ್ಕೆ, "ಹಾಗಾದರೆ ನಾವು ಸೋಮಾರಿಗಳಲ್ಲ" ಅಂದರು. ನಾನು ಅವತ್ತೇ ಬಸ್ ಹತ್ತುವ ಮೊದಲು ಸೆಲ್ ಹಾಕಿಸಿದೆ.

ಇನ್ನೊಂದು ಉಪಕಾರ ಮಾಡಿದ್ದಾರೆ. ನನ್ನ ಪಿ.ಎಫ್. ಖಾತೆಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದು, ಆಧಾರ್‌ನಲ್ಲಿ ಇನ್ನೊಂದು. ಮೂರು ವರ್ಷದಿಂದ ಹಾಗೇ ಬಿಟ್ಟಿದ್ದೆ. ಸರಿಪಡಿಸಲು ಯಾವ ಫಾರ್ಮ್, ಯಾವ ಕಾಗದ ಅಂತ ಕೂತು ಮಾಡಿಸಿದರು. ಹತ್ತು ವರ್ಷಕ್ಕೆ ಮೇಲೆ ಸೇವೆ ಇದ್ದರೆ 58ಕ್ಕೆ ಪಿಂಚಣಿ ಬರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. 19 ವರ್ಷ ಬೇರೆಯವರ ಲೆಕ್ಕ ಬರೆದವನಿಗೆ ತನ್ನದು ಗೊತ್ತಿರಲಿಲ್ಲ.

ಈಗ ಕಡಿಮೆ ಮಾಡಿದ ಒಂದು ಸ್ಟಾರ್ ವಿಷಯ.

ಇಲ್ಲಿ ಪ್ರತ್ಯೇಕ ಕೋಣೆ ಇಲ್ಲ. ಇದು ಸಣ್ಣ ಮಾತಲ್ಲ. ಮೇಜಿನ ಪಕ್ಕ ಕೂತು ಮಾತಾಡುವುದನ್ನು ಬೆಂಚಿನಲ್ಲಿ ಕೂತವರೆಲ್ಲ ಕೇಳಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಾದರೆ ಯಾರಿಗೆ ಯಾರು ಗೊತ್ತು. ಕೊಡಗಿನಲ್ಲಿ ಮನೆತನದ ಹೆಸರು ಹೇಳಿದರೆ ಅಜ್ಜನವರೆಗೂ ಗೊತ್ತಾಗುತ್ತದೆ. ಒಬ್ಬರು ಕುಡಿತದ ವಿಷಯ ಹೇಳಬೇಕು. ಒಬ್ಬರು ಬ್ಯಾಂಕಿನ ಸಾಲ ಹೇಳಬೇಕು. ಒಬ್ಬ ಹೆಂಗಸು ಗಂಡ ಬಿಟ್ಟ ವಿಷಯ ಹೇಳಬೇಕು. ಬೆಂಚಿನಲ್ಲಿ ಪಕ್ಕದ ಊರಿನವರು ಇದ್ದಾರೆ. ಆ ಹೆಂಗಸು ಎದ್ದು ಹೋದದ್ದು ನಾನೇ ನೋಡಿದೆ. ಮತ್ತೆ ಬರಲಿಲ್ಲ. ಒಂದು ಪ್ಲೈವುಡ್ ಗೋಡೆ, ಒಂದು ಬಾಗಿಲು ಸಾಕು. ಎರಡು ಸಲ ಬರೆದು ಕೊಟ್ಟಿದ್ದೇನೆ. ಇನ್ನೂ ಆಗಿಲ್ಲ.

ಎರಡನೆಯದು ಮೆಟ್ಟಿಲು. ಕೇಂದ್ರ ಮೊದಲ ಮಹಡಿಯಲ್ಲಿ ಇದೆ. ನನ್ನ ಮಂಡಿಗೆ ಕಷ್ಟ, ಊರುಗೋಲು ಇರುವವರಿಗೆ ಇನ್ನೂ ಕಷ್ಟ. ಮೊಬೈಲಿಗೆ ಬರುವ ಮೆಸೇಜ್ ಇಂಗ್ಲಿಷಿನಲ್ಲಿ ಇರುತ್ತದೆ, ಕನ್ನಡದಲ್ಲಿ ಕಳಿಸಬಹುದಲ್ಲ. ಬಸ್ ಖರ್ಚೂ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ಸೋಮವಾರಪೇಟೆ ಕಡೆಯಿಂದ ಬರುವ ಹೆಣ್ಣುಮಕ್ಕಳು ಅದರಿಂದಲೇ ಪ್ರತಿ ವಾರ ತಪ್ಪದೆ ಬರ್ತಾರೆ. ದುಡಿಮೆ ಇಲ್ಲದ ಗಂಡಸು ಟಿಕೆಟ್‌ಗೆ ಮನೆಯಲ್ಲಿ ಕೈ ಚಾಚಬೇಕು. ಬುಧವಾರದ ಬಸ್ ಚಾರ್ಜ್ ಆದರೂ ಕೇಂದ್ರ ಕೊಟ್ಟರೆ ಇನ್ನೂ ನಾಲ್ಕು ಜನ ಬರ್ತಾರೆ.

ಉದ್ಯೋಗ ಮೇಳಕ್ಕೂ ಒಮ್ಮೆ ಕಳಿಸಿದ್ದರು. ಅದು ಬೇರೆಯವರು ನಡೆಸಿದ್ದು. ಅಲ್ಲಿದ್ದ ಕಂಪನಿಗಳಿಗೆ 28ರ ಒಳಗಿನವರು ಬೇಕಿತ್ತು. ನನ್ನ ಕಾಗದ ತೆಗೆದುಕೊಂಡ ಹುಡುಗ ಅದನ್ನು ನೋಡದೆ ರಟ್ಟಿನ ಡಬ್ಬಕ್ಕೆ ಹಾಕಿದ. ಅವತ್ತು ಬೇಸರ ಆಗಿದ್ದನ್ನು ಮೇಡಂ ಹತ್ತಿರ ಹೇಳಿದೆ. ಅಲ್ಲಿಂದ ಮುಂದೆ 40 ದಾಟಿದವರನ್ನು ಮೇಳಕ್ಕೆ ಕಳಿಸುವುದನ್ನು ನಿಲ್ಲಿಸಿ, ಅವರೇ ನೇರವಾಗಿ ಮಾಲೀಕರಿಗೆ ಫೋನ್ ಮಾಡಲು ಶುರು ಮಾಡಿದರು. ಕೇಳಿ ಬದಲಾಯಿಸಿಕೊಳ್ಳುತ್ತಾರೆ, ಅದು ನನಗೆ ಹಿಡಿಸಿತು.

ನನಗೆ ಕೆಲಸ ಆಗಿದ್ದೂ ಹಾಗೆಯೇ. ಕೂಡ್ಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿವೆ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗಳು. ಅಂಥ ಒಂದು ಕಡೆ ಸೀಸನ್‌ಗೆ ತೂಕದ ಗುಮಾಸ್ತರು ಬೇಕು ಅಂತ ಗೊತ್ತಾಯಿತು. ಮೇಡಂ ಆ 22 ಸಾಲಿನ ಕಾಗದ ಹಿಡಿದುಕೊಂಡು ಮೊದಲು ತಾವೇ ಹೋಗಿ ಮಾತಾಡಿದರು. ಮೂರು ವರ್ಷದ ಖಾಲಿ ಜಾಗಕ್ಕೆ ಏನು ಹೇಳುವುದು ಅಂತ ನಾನು ಹೆದರಿದ್ದೆ. ಇರುವುದನ್ನೇ ಹೇಳಿ ಅಂದರು. ತೋಟ ಮಾರಾಟ ಆಯಿತು, ಮಂಡಿ ನೋವಿತ್ತು, ಹುಡುಕಿದೆ, ಸಿಗಲಿಲ್ಲ. ನಾಲ್ಕು ಸಣ್ಣ ವಾಕ್ಯ. ಗುಂಪಿನಲ್ಲಿ ಹತ್ತು ಸಲ ಹೇಳಿಸಿದರು. ಹತ್ತನೇ ಸಲಕ್ಕೆ ದನಿ ನಡುಗಲಿಲ್ಲ. ಸಂದರ್ಶನದಲ್ಲಿ ಮ್ಯಾನೇಜರ್ ಒಂದು ಹಿಡಿ ಚೆರ್ರಿ ಕೈಗೆ ಕೊಟ್ಟು, ಹೇಗಿದೆ ಅಂದರು. ಅಲ್ಲಾಡಿಸಿ ನೋಡಿ, ಇನ್ನೂ ಎರಡು ಬಿಸಿಲು ಬೇಕಿತ್ತು ಅಂದೆ. 2025ರ ಜನವರಿಯಲ್ಲಿ ಸೇರಿದೆ.

ಇಲ್ಲಿಗೆ ಕೇಂದ್ರದ ಕೆಲಸ ಮುಗಿಯಿತು ಅಂತ ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ಈ ಕೇಂದ್ರದ ಬೆಲೆ ಗೊತ್ತಾಗಿದ್ದು ಸೇರಿದ ಮೇಲೆ.

ಮೂರನೇ ವಾರ. ತೂಕ ಎಲ್ಲ ಕಂಪ್ಯೂಟರಿಗೆ ಹಾಕಬೇಕು. ನಾನು ಪುಸ್ತಕದಲ್ಲಿ ಬರೆದವನು. ಒಂದು ಲಾರಿಯದು 5,240 ಕೆ.ಜಿ. ಇದ್ದದ್ದು 2,540 ಅಂತ ಒತ್ತಿಬಿಟ್ಟೆ. ಸಂಜೆ ಲೆಕ್ಕ ಹೊಂದಲಿಲ್ಲ. ನನ್ನ ಮಗನ ವಯಸ್ಸಿನ ಸೂಪರ್‌ವೈಸರ್ ಲಾರಿ ಡ್ರೈವರ್‌ಗಳ ಎದುರು ಕೂಗಾಡಿದ. ನಾನು ಬುತ್ತಿ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಇನ್ನು ಆ ಕಡೆ ಕಾಲಿಡುವುದಿಲ್ಲ ಅಂತ ತೀರ್ಮಾನ ಮಾಡಿದ್ದೆ.

ಅವತ್ತು ಗುರುವಾರ. ಸೇರಿದ ಮೊದಲ ದಿನ, ಮೊದಲ ವಾರ, ಮೂರನೇ ವಾರ, ಆಮೇಲೆ ತಿಂಗಳಿಗೊಮ್ಮೆ ಆರು ತಿಂಗಳವರೆಗೆ ಫೋನ್ ಮಾಡುತ್ತೇವೆ ಅಂತ ಮೊದಲೇ ಹೇಳಿದ್ದರು. ಏಳು ಗಂಟೆಗೆ ಫೋನ್ ಬಂತು. ನಾನು ಬಿಟ್ಟೆ ಮೇಡಂ ಅಂದೆ. ಯಾಕೆ ಅಂತ ಕೇಳಿದರು. ಪೂರ್ತಿ ಹೇಳಿದೆ. ಮಧ್ಯೆ ಬಾಯಿ ಹಾಕಲಿಲ್ಲ. ಹಾಗೆ ಮಾಡಬಾರದು, ಹೀಗೆ ಮಾಡಬೇಕು ಅನ್ನಲಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ. "ನಾಳೆ ಬೆಳಿಗ್ಗೆ ನಿಮ್ಮ ಬಸ್ ಎಷ್ಟು ಗಂಟೆಗೆ?" 7.40ಕ್ಕೆ ಅಂದೆ. "ನಾನು 8.30ಕ್ಕೆ ಗೇಟಿನ ಹತ್ತಿರ ಇರ್ತೀನಿ" ಅಂದರು.

ಇದ್ದರು. ಕೊಡೆ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದರು. ನನ್ನನ್ನು ಕೇಳಿಯೇ ಮ್ಯಾನೇಜರ್ ಹತ್ತಿರ ಮಾತಾಡಿದರು. ಎರಡು ವಾರ ಸಂಜೆ ಅರ್ಧ ಗಂಟೆ ಕಂಪ್ಯೂಟರ್ ಅಭ್ಯಾಸಕ್ಕೆ ಬಿಡಿ, ಅಷ್ಟರವರೆಗೆ ಪುಸ್ತಕದಲ್ಲೂ ಬರೆಯಲಿ, ಎರಡನ್ನೂ ತಾಳೆ ನೋಡಿ ಅಂದರು. ಮ್ಯಾನೇಜರ್ ಒಪ್ಪಿದರು. ಆ ಪುಸ್ತಕ ಈಗ ಅಲ್ಲಿ ಎಲ್ಲರಿಗೂ ಬೇಕು. ಕರೆಂಟ್ ಹೋದಾಗ ಅದನ್ನೇ ಕೇಳ್ತಾರೆ. ಸೀಸನ್ ಮುಗಿದ ಮೇಲೆ ನನ್ನನ್ನು ಗೋಡೌನ್ ಸ್ಟಾಕಿಗೆ ಉಳಿಸಿಕೊಂಡರು.

ಬಹಳ ದಿನ ಮನೆಯಲ್ಲಿದ್ದವನಿಗೆ ಕೆಲಸ ಸಿಗುವುದು ಕಷ್ಟ. ಸಿಕ್ಕಿದ್ದರಲ್ಲಿ ನಿಲ್ಲುವುದು ಅದಕ್ಕಿಂತ ಕಷ್ಟ. ಒಂದು ಬೈಗುಳಕ್ಕೆ ಮೂರು ವರ್ಷವೂ ಒಟ್ಟಿಗೆ ಮೈಮೇಲೆ ಬರುತ್ತದೆ. ಕೆಲಸ ಕೊಡಿಸಿ ಕೈ ತೊಳೆದುಕೊಳ್ಳುವವರು ಇದ್ದಾರೆ. ಮೂರನೇ ವಾರ ಗೇಟಿನ ಹತ್ತಿರ ನಿಲ್ಲುವವರನ್ನು ನಾನು ಇಲ್ಲಿ ಮಾತ್ರ ನೋಡಿದ್ದು. ಉಳಿದ ಎರಡು ಸ್ಟಾರ್ ಅದಕ್ಕೆ.

ಒಂದು ಆತಂಕ ಇದೆ. ಇಲ್ಲಿನ ಸಿಬ್ಬಂದಿ ಎಲ್ಲ ವರ್ಷದ ಕರಾರಿನ ಮೇಲೆ ಇರುವವರು. ಈ ಕೆಲಸ ನಡೆಯುವುದೇ ಸಿಬ್ಬಂದಿಗೂ ಬರುವವರಿಗೂ ಒಬ್ಬರಿಗೊಬ್ಬರು ಪರಿಚಯ ಇರುವುದರಿಂದ. ಮಾರ್ಚ್ ಬಂದರೆ ಮೇಡಂ ಮುಂದಿನ ವರ್ಷ ಇರ್ತಾರಾ ಅಂತ ಗುಂಪಿನವರೆಲ್ಲ ಕೇಳ್ತಾರೆ. ಅವರಿಗೂ ಗೊತ್ತಿರುವುದಿಲ್ಲ. ಕೆಲಸ ಇಲ್ಲದವರಿಗೆ ಧೈರ್ಯ ಹೇಳುವವರ ಕೆಲಸವೇ ಗಟ್ಟಿ ಇಲ್ಲ ಅನ್ನುವುದು ಸರಿಯಲ್ಲ. ನಡೆಸುವವರು ಇದನ್ನು ಓದಿದರೆ ದಯವಿಟ್ಟು ಯೋಚನೆ ಮಾಡಿ.

ಹೋಗುವವರಿಗೆ: ಬುಧವಾರ ಹತ್ತು ಗಂಟೆಯೊಳಗೆ ಹೋಗಿ, ಆಮೇಲೆ ಕಾಯಬೇಕಾಗುತ್ತದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು ಹೋಗಿ. ಹಳೇ ಸಂಬಳದ ಚೀಟಿ, ಪಿ.ಎಫ್. ಕಾಗದ ಏನಿದ್ದರೂ ಬಿಡಬೇಡಿ. ಸರ್ಟಿಫಿಕೇಟ್ ಇಲ್ಲದಿದ್ದರೂ ಹೋಗಿ, ಸುಮ್ನೆ ಹಿಂಜರಿಯಬೇಡಿ. ಮನೆಯವರೊಬ್ಬರು ಜೊತೆಗಿದ್ದರೆ ಮೊದಲ ದಿನ ಸುಲಭ. ಯಾರಾದರೂ ಈ ಕೇಂದ್ರದ ಹೆಸರು ಹೇಳಿ ದುಡ್ಡು ಕೇಳಿದರೆ ಕೊಡಬೇಡಿ, ಇಲ್ಲಿ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ.

ಎರಡನೇ ಶನಿವಾರ ನನಗೆ ರಜೆ. ಅವತ್ತು ನಾನೂ ಅಲ್ಲಿಗೆ ಹೋಗಿ ಫಾರ್ಮ್ ಬರೆದುಕೊಡುತ್ತೇನೆ. ಮೆಟ್ಟಿಲು ಹತ್ತಿ ಬಲಕ್ಕೆ, ಕಿಟಕಿ ಪಕ್ಕದ ಮೇಜು. ತೋಟದ ಕಡೆಯಿಂದ ಬಂದವರಾದರೆ ಅಲ್ಲಿಗೇ ಬಂದು ಕೂರಿ.